ದೊಡ್ಡವರು ಒನ್‌ಸೀ ಹಾಕಬಹುದಾ? ಹಾಕುವುದಾದರೆ ಯಾವುದು?

ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬಟ್ಟೆ. ಮುಂದೆ ಜಿಪ್, ಇಲ್ಲವೇ ಬಟನ್. ತಲೆಗೆ ಕಿವಿ ಇರುವ ಟೋಪಿ, ಹಿಂದೆ ಬಾಲ. ಪಾಂಡಾ, ಡೈನೋಸಾರ್, ಯೂನಿಕಾರ್ನ್, ಬೇಕಾದ ವೇಷ ಸಿಗುತ್ತದೆ. ಇದಕ್ಕೆ ಒನ್‌ಸೀ ಅಂತಾರೆ. ಜಪಾನಿನಿಂದ ಬಂದ, ಪ್ರಾಣಿ ವೇಷದ ದೊಗಲೆ ಬಗೆಗೆ ಕಿಗುರುಮಿ ಅಂತ ಹೆಸರು. ನೋಡಿದ ಕೂಡಲೇ ಆಸೆ ಆಗುತ್ತದೆ. ಹಿಂದೆಯೇ 'ಈ ವಯಸ್ಸಲ್ಲಿ ಇದೆಲ್ಲ ಬೇಕಾ' ಅನ್ನುವ ಅಳುಕೂ ಬರುತ್ತದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಿ, ಖುಷಿಯಾಗಿ ಹಾಕಿ. ಆದರೆ ಅದನ್ನು ಕೂತಿರುವ ಹೊತ್ತಿನ ಬಟ್ಟೆ ಅಂತ ಇಟ್ಟುಕೊಳ್ಳಿ, ಮಲಗುವ ಬಟ್ಟೆ ಅಂತ ಬೇಡ. ಕೊಂಡವರಲ್ಲಿ ಬಹಳ ಜನ ನಾಲ್ಕು ದಿನ ಹಾಕಿ ಮೂಲೆಗೆ ಎಸೆಯುವುದು ಮರ್ಯಾದೆಯ ಪ್ರಶ್ನೆಯಿಂದಲ್ಲ. ಸೆಕೆ, ಶೌಚಾಲಯ, ಅಳತೆ, ಈ ಮೂರರಿಂದ. ಹಾಗಾಗಿ ಆರಿಸುವಾಗ ಪಾಂಡಾನಾ ಡೈನೋಸಾರಾ ಅಂತ ಯೋಚಿಸುವ ಮೊದಲು ಈ ಮೂರನ್ನು ನೋಡಬೇಕು.

ವಯಸ್ಸಿನ ಅಳುಕು

ಒಂದೇ ತುಂಡಿನ ಬಟ್ಟೆ ಅಂದರೆ ಮಕ್ಕಳದ್ದು ಅಂತ ನಮಗೆ ಅನ್ನಿಸುತ್ತದೆ. ಚರಿತ್ರೆ ನೋಡಿದರೆ ಹಾಗಿಲ್ಲ. ಅಮೆರಿಕದ ಯುಟಿಕಾದಲ್ಲಿ 1868ರಲ್ಲಿ ಪೇಟೆಂಟ್ ಆದ ಯೂನಿಯನ್ ಸೂಟ್ ಹುಟ್ಟಿದ್ದೇ ದೊಡ್ಡ ಹೆಂಗಸರಿಗಾಗಿ. ಆ ಕಾಲದಲ್ಲಿ ಹೆಂಗಸರು ಸೊಂಟ ಬಿಗಿಯುವ ಕಾರ್ಸೆಟ್, ಅದರ ಮೇಲೆ ಕೆಳಗೆ ಪದರ ಪದರ ಬಟ್ಟೆ ಹೊತ್ತು ಓಡಾಡಬೇಕಿತ್ತು. ಅದು ಸಾಕಾದವರು ಕೇಳಿದ್ದು ಮೈಯನ್ನು ಸಡಿಲವಾಗಿ ಬಿಡುವ, ಫ್ಲಾನಲ್ ಅನ್ನುವ ಮೆತ್ತನೆ ಬಟ್ಟೆಯ ಒಂದೇ ತುಂಡಿನ ಒಳಉಡುಪು. ಆಮೇಲೆ ಗಂಡಸರೂ ಅದನ್ನೇ ಹಾಕತೊಡಗಿದರು.

ಎರಡನೇ ಮಹಾಯುದ್ಧದ ಹೊತ್ತಿನ ಬ್ರಿಟನ್‌ನಲ್ಲಿ ಸೈರನ್ ಸೂಟ್ ಬಂತು. ವಿಮಾನ ದಾಳಿಯ ಸೈರನ್ ಕೂಗಿದಾಗ ಮಲಗಿದ್ದವರು ಒಂದೇ ಜಿಪ್ ಎಳೆದುಕೊಂಡು ನೆಲಮಾಳಿಗೆಗೆ ಓಡಬೇಕಿತ್ತಲ್ಲ, ಅದಕ್ಕೆ. ಪ್ರಧಾನಿ ವಿನ್ಸ್ಟನ್ ಚರ್ಚಿಲ್ ಅದನ್ನು ಎಷ್ಟು ಇಷ್ಟಪಟ್ಟರೆಂದರೆ ಮಕಮಲ್ಲಿನಲ್ಲೂ ಹೊಲಿಸಿಕೊಂಡಿದ್ದರು. ಅಮೆರಿಕದ ಶ್ವೇತಭವನದಲ್ಲಿ ಅತಿಥಿಯಾಗಿದ್ದಾಗಲೂ ಹಾಕಿಕೊಂಡರು. ಇನ್ನು 2007ರಲ್ಲಿ ನಾರ್ವೆಯಲ್ಲಿ ಶುರುವಾದ ಒನ್‌ಪೀಸ್ ಕಂಪನಿ ಟೋಪಿ ಇರುವ ಜಂಪ್‌ಸೂಟ್‌ಗಳನ್ನು ಮಾರಿದ್ದು ದೊಡ್ಡವರಿಗೇ.

ಹಾಗಾಗಿ ಬಟ್ಟೆಯ ಆಕಾರದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಿವಿ ಬಾಲದ ವೇಷದ ಮಾತು ಬೇರೆ, ಅಲ್ವಾ? ಅದಕ್ಕೂ ನನ್ನ ತಕರಾರಿಲ್ಲ. ಮನೆಯೊಳಗೆ ನಿಮ್ಮನ್ನು ನೋಡುವವರು ನಿಮ್ಮವರು. ಇಡೀ ದಿನ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಗಂಭೀರವಾಗಿದ್ದು ಬಂದ ಮನುಷ್ಯ ಸಂಜೆ ಮೆತ್ತಗಿನ ಕರಡಿಯಾಗಿ ಕೂತರೆ ಮನೆಯ ಗಾಳಿಯೇ ಹಗುರಾಗುತ್ತದೆ. ಅದು ಸಣ್ಣ ಲಾಭ ಅಲ್ಲ. ಒಂದೇ ಒಂದು ಮಾತು. ಎಲ್ಲರೂ ಒಂದೇ ವೇಷ ಹಾಕಿ ಫೋಟೋ ತೆಗೆಸೋಣ ಅಂತ ಹೊರಟಾಗ ಮನೆಯಲ್ಲಿ ಯಾರಾದರೂ ಒಬ್ಬರು ಹಿಂದೆ ಸರಿದರೆ ಬಿಟ್ಟುಬಿಡಿ. ಬಲವಂತವಾಗಿ ಹಾಕಿಸಿದ ವೇಷದಲ್ಲಿ ಯಾರಿಗೂ ಆರಾಮ ಸಿಗುವುದಿಲ್ಲ.

ಮೈ ಬಿಸಿ ಮತ್ತು ನಿದ್ದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ತಪ್ಪು ಆಯ್ಕೆ ಮಾಡುವುದು ಇಲ್ಲೇ.

ಈ ಬಟ್ಟೆಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ಫ್ಲೀಸ್. ಮುಟ್ಟಿದರೆ ಮೆತ್ತಗೆ, ತೂಕ ಕಡಿಮೆ, ಬೇಗ ಬೆಚ್ಚಗಾಗುತ್ತದೆ. ನವಿರಾದ ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಆ ಬಿಸಿ. ತೊಂದರೆ ಏನೆಂದರೆ ಪಾಲಿಯೆಸ್ಟರ್ ನೀರನ್ನು ಹೀರುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಹವೆಯಲ್ಲಿ ಹತ್ತಿ ನೂಲು ತನ್ನ ತೂಕದ ಸುಮಾರು 8 ಶೇಕಡ ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಶೇಕಡಕ್ಕಿಂತ ಕಡಿಮೆ. ಹಾಗಾಗಿ ಬೆವರು ಬಂದರೆ ಅದು ಮೈಮೇಲೆಯೇ ಅಂಟಂಟಾಗಿ ಉಳಿಯುತ್ತದೆ. ಒಣ ಹವೆಯಲ್ಲಾದರೆ ಇದೇ ಗುಣದಿಂದ ಚಟಪಟ ಅಂತ ಕರೆಂಟು ಹೊಡೆದ ಹಾಗೂ ಆಗುತ್ತದೆ.

ಎರಡು ತುಂಡಿನ ಬಟ್ಟೆಯಲ್ಲಿ ಸೊಂಟದ ಹತ್ತಿರ ಒಂದು ಸಂದು ಇರುತ್ತದೆ. ಅಂಗಿ ಸ್ವಲ್ಪ ಎತ್ತಿದರೆ, ಹೊರಳಿದರೆ, ಅಲ್ಲಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಒನ್‌ಸೀಯಲ್ಲಿ ಆ ಸಂದೇ ಇಲ್ಲ. ಚಳಿಯಲ್ಲಿ ಅದೇ ಅದರ ದೊಡ್ಡ ಗುಣ. ಬಗ್ಗಿದರೆ ಬೆನ್ನು ಕಾಣುವುದಿಲ್ಲ, ತಣ್ಣನೆ ಗಾಳಿ ನುಗ್ಗುವುದಿಲ್ಲ, ಪ್ಯಾಂಟು ಜಾರುವುದಿಲ್ಲ. ಸೋಫಾ ಮೇಲೆ ಅಲುಗಾಡದೆ ಕೂತು ಓದುವಾಗ, ಸಿನಿಮಾ ನೋಡುವಾಗ ಮೈ ತಾನಾಗಿ ಹೆಚ್ಚು ಬಿಸಿ ಹುಟ್ಟಿಸುವುದಿಲ್ಲ. ಆಗ ಈ ಬಟ್ಟೆಯಷ್ಟು ಸುಖ ಬೇರೆ ಇಲ್ಲ.

ನಿದ್ದೆಯ ಲೆಕ್ಕ ಬೇರೆ. ನಿದ್ದೆ ಹತ್ತುವ ಹೊತ್ತಿಗೆ ನಮ್ಮ ಮೈಯ ಒಳಗಿನ ಬಿಸಿ ಕಡಿಮೆಯಾಗಲು ಶುರುವಾಗುತ್ತದೆ, ರಾತ್ರಿಯಲ್ಲಿ ಹೆಚ್ಚು ಕಡಿಮೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಬಿಸಿ ಹೊರಗೆ ಹೋಗುವುದು ಚರ್ಮದಿಂದ, ಅದರಲ್ಲೂ ಕೈ ಕಾಲಿನ ಚರ್ಮದಿಂದ. ಪಾದ ಬೆಚ್ಚಗಿದ್ದರೆ ಬೇಗ ನಿದ್ದೆ ಬರುತ್ತದೆ ಅಂತ ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ತೋರಿಸಿದ್ದರು. ಅದನ್ನು ಕೇಳಿ ಪಾದ ಮುಚ್ಚುವ ಒನ್‌ಸೀಯೇ ನಿದ್ದೆಗೆ ಒಳ್ಳೆಯದು ಅಂದುಕೊಳ್ಳಬೇಡಿ. ಪಾದ ಬೆಚ್ಚಗಾದಾಗ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ಅಲ್ಲಿಂದ ಬಿಸಿ ಹೊರಗೆ ಹೋಗುತ್ತದೆ, ಅದಕ್ಕೇ ನಿದ್ದೆ. ತಲೆಯಿಂದ ಪಾದದವರೆಗೆ ದಪ್ಪ ಫ್ಲೀಸ್ ಸುತ್ತಿ, ಮೇಲೆ ಹೊದಿಕೆಯನ್ನೂ ಹೊದ್ದರೆ ಆ ಬಿಸಿಗೆ ಹೋಗಲು ದಾರಿಯೇ ಇರುವುದಿಲ್ಲ. ನಡುರಾತ್ರಿ ಬೆವೆತು ಎಚ್ಚರಾಗುತ್ತದೆ. ಕಾಲ್ಚೀಲ ಆದರೆ ನಿದ್ದೆಗಣ್ಣಲ್ಲೇ ಕಾಲಿನಿಂದ ಕಿತ್ತು ಎಸೆಯಬಹುದು. ಒನ್‌ಸೀಯನ್ನು ಹಾಗೆ ಅರ್ಧ ಕಳಚಲು ಆಗುವುದಿಲ್ಲ.

ಅದರಲ್ಲೇ ಮಲಗಲೇಬೇಕು ಅನ್ನುವ ಆಸೆ ಇದ್ದರೆ ಫ್ಲೀಸ್ ಬಿಟ್ಟು ತೆಳುವಾದ ಹತ್ತಿ ಹೆಣಿಗೆಯದ್ದನ್ನು ಆರಿಸಿ. ಪಾದ ತೆರೆದಿರಲಿ, ಟೋಪಿ ಬೇಡ. ಹೊದಿಕೆ ಒಂದು ಪದರ ಕಡಿಮೆ ಮಾಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರುವ ಹೆಂಗಸರಿಗೆ, ರಾತ್ರಿ ಬೆವರುವ ಯಾರಿಗೇ ಆಗಲಿ, ಒನ್‌ಸೀ ನಿದ್ದೆಯ ಬಟ್ಟೆಯೇ ಅಲ್ಲ.

ಯಾರೂ ಹೇಳದ ವಿಷಯ: ಶೌಚಾಲಯ

ಮಾರುವವರ ಫೋಟೋಗಳಲ್ಲಿ ಇದು ಕಾಣುವುದಿಲ್ಲ. ಆದರೆ ದಿನಕ್ಕೆ ಹಲವು ಸಲ ಎದುರಾಗುವ ಕೆಲಸ. ಮುಂದೆ ಮಾತ್ರ ಜಿಪ್ ಇರುವ ಒನ್‌ಸೀಯಲ್ಲಿ ಕೂರಬೇಕಾದರೆ ತೋಳು ಬಿಚ್ಚಬೇಕು, ಮೇಲಿನ ಭಾಗ ಪೂರ್ತಿ ಕೆಳಗೆ ಇಳಿಸಬೇಕು. ಎದೆ ಬೆನ್ನು ಬರಿದಾಗಿ ಚಳಿಯಲ್ಲಿ ಕೂರಬೇಕು. ಇಳಿಬಿದ್ದ ತೋಳು, ಟೋಪಿ, ಬಾಲ ಒದ್ದೆ ನೆಲಕ್ಕೆ ತಾಗುತ್ತವೆ. ಬೆಚ್ಚಗಿರಲು ಹಾಕಿದ ಬಟ್ಟೆ ಚಳಿಯ ಹೊತ್ತಲ್ಲೇ ಮೈ ಬರಿದು ಮಾಡಿಸುತ್ತದೆ.

ಹೊಲಿಗೆಯವರು ಇದಕ್ಕೆ ಕೆಲವು ದಾರಿ ಕಂಡುಕೊಂಡಿದ್ದಾರೆ. ಹಳೆಯದು, ನನ್ನ ಮಟ್ಟಿಗೆ ಈಗಲೂ ಒಳ್ಳೆಯದು, ಹಿಂಬದಿಯ ಮುಚ್ಚಳ. ಹಳೇ ಯೂನಿಯನ್ ಸೂಟುಗಳಲ್ಲಿ ಇದು ಇತ್ತು. ಸೊಂಟದ ಹಿಂದೆ ಬಟನ್ ಬಿಚ್ಚಿದರೆ ಕೂರುವ ಭಾಗ ಮಾತ್ರ ತೆರೆದುಕೊಳ್ಳುತ್ತದೆ. ಮೇಲಿನ ಭಾಗ ಮೈಮೇಲೆಯೇ ಇರುತ್ತದೆ. ಎರಡು ವಿಷಯ ನೋಡಿಕೊಳ್ಳಿ. ಮುಚ್ಚಳ ಅಗಲವಾಗಿರಬೇಕು, ಪಕ್ಕೆಯಿಂದ ಪಕ್ಕೆಗೆ ಬರಬೇಕು. ಬಟನ್‌ಗಳು ಕೈಯನ್ನು ಹಿಂದೆ ತಿರುಚದೆ ಸಿಗುವಂತಿರಬೇಕು. ಕೆಲವು ಬಟ್ಟೆಗಳಲ್ಲಿ ಅಂದಕ್ಕೆ ಸುಮ್ನೆ ಎರಡು ಬಟನ್ ಹೊಲಿದು ಮುಚ್ಚಳದ ಹಾಗೆ ಮಾಡಿರುತ್ತಾರೆ, ಅದು ತೆರೆಯುವುದೇ ಇಲ್ಲ. ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ಇನ್ನೊಂದು, ಎರಡು ಕಡೆಯಿಂದ ತೆರೆಯುವ ಜಿಪ್. ಕೆಳಗಿನಿಂದ ಮೇಲಕ್ಕೂ ಎಳೆಯಬಹುದು. ನಿಂತು ಮೂತ್ರ ಮಾಡುವವರಿಗೆ ಇದು ಸಾಕು, ಕೂರುವವರಿಗೆ ಅಷ್ಟೇನೂ ಉಪಯೋಗವಿಲ್ಲ. ಸೊಂಟದ ಸುತ್ತ ಹಿಂದಿನಿಂದ ಅಡ್ಡಲಾಗಿ ಬರುವ ಜಿಪ್ ಇದ್ದರೆ ಅದು ಮುಚ್ಚಳದಷ್ಟೇ ಒಳ್ಳೆಯದು. ಆದರೆ ಒರಗಿ ಕೂತಾಗ ಬೆನ್ನಿಗೆ ಒತ್ತುತ್ತದಾ ಅಂತ ನೋಡಿ.

ಪದೇ ಪದೇ ಮೂತ್ರಕ್ಕೆ ಹೋಗಬೇಕಾದವರು, ತಡೆದುಕೊಳ್ಳಲು ಕಷ್ಟ ಇರುವವರು, ಗರ್ಭಿಣಿಯರು, ಹೊಟ್ಟೆ ಕೆಡುವ ತೊಂದರೆ ಇರುವವರು ಮುಚ್ಚಳ ಇಲ್ಲದ ಒನ್‌ಸೀ ಬಿಟ್ಟೇಬಿಡಿ. ಅವಸರದಲ್ಲಿ ಜಿಪ್ ಸಿಕ್ಕಿಕೊಂಡರೆ ಆಗುವ ಪೇಚಾಟವನ್ನು ಯಾವ ವೇಷದ ಖುಷಿಯೂ ಸರಿದೂಗಿಸುವುದಿಲ್ಲ.

ಅಳತೆ: ಎತ್ತರ ಒಂದೇ ನೋಡಿದರೆ ಸಾಲದು

ಅಂಗಿ ಪ್ಯಾಂಟಿಗೆ ಎದೆ, ಸೊಂಟ, ಕಾಲುದ್ದ ಗೊತ್ತಿದ್ದರೆ ಸಾಕು. ಮೈ ಉದ್ದ ಹೆಚ್ಚು ಕಡಿಮೆ ಇದ್ದರೂ ನಡುವಿನ ಸಂದು ಅದನ್ನು ಸರಿದೂಗಿಸುತ್ತದೆ. ಒನ್‌ಸೀಗೆ ಇನ್ನೊಂದು ಅಳತೆ ಬೇಕೇ ಬೇಕು. ಟೇಪನ್ನು ಒಂದು ಭುಜದ ನಡುವೆ ಹಿಡಿದು, ಎದೆಯ ಮೇಲಿಂದ ಇಳಿಸಿ, ಕಾಲುಗಳ ನಡುವೆ ತಂದು, ಬೆನ್ನ ಮೇಲಿಂದ ಅದೇ ಭುಜಕ್ಕೆ ಮುಟ್ಟಿಸಿ. ಹೆಚ್ಚಿನ ದೊಡ್ಡವರಲ್ಲಿ ಈ ಸುತ್ತು ಸುಮಾರು 150ರಿಂದ 175 ಸೆಂಟಿಮೀಟರ್ ಬರುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ ಇರಬಹುದು. ಎತ್ತರದ ಪಟ್ಟಿ ಮಾತ್ರ ನೋಡಿ ಕೊಂಡರೆ ಮುಂಡ ಉದ್ದ ಇರುವವರಿಗೆ ತೊಡೆಸಂದಿಯಲ್ಲಿ ಎಳೆತ, ಭುಜದಲ್ಲಿ ಒತ್ತಡ.

ಇನ್ನೊಂದು ಸಂಗತಿ. ನೀವು ಕೂತಾಗ, ಬಗ್ಗಿದಾಗ ಬೆನ್ನಿನ ಉದ್ದ ಜಾಸ್ತಿ ಆಗುತ್ತದೆ. ನಿಂತಾಗ ಸರಿಯಾಗಿ ಕೂತ ಬಟ್ಟೆ ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಿದಾಗ ಎಳೆಯುತ್ತದೆ. ಹಾಗಾಗಿ ಬಟ್ಟೆಯ ಸುತ್ತು ನಿಮ್ಮ ಸುತ್ತಿಗಿಂತ ಕಡಿಮೆಯೆಂದರೂ 10 ಸೆಂಟಿಮೀಟರ್ ಹೆಚ್ಚಿರಲಿ. ಹತ್ತಿ ಹೆಣಿಗೆ ಆದರೆ ಇನ್ನೂ ಸ್ವಲ್ಪ ಹೆಚ್ಚು, ಯಾಕೆಂದರೆ ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ. 160 ಸೆಂಟಿಮೀಟರ್ ಸುತ್ತಿನಲ್ಲಿ 5 ಶೇಕಡ ಕುಗ್ಗಿದರೆ 8 ಸೆಂಟಿಮೀಟರ್ ಹೋಯಿತು. ಪಾಲಿಯೆಸ್ಟರ್ ಅಷ್ಟು ಕುಗ್ಗುವುದಿಲ್ಲ.

ಪಾದ ಮುಚ್ಚಿರುವ ಬಗೆಯಲ್ಲಿ ಕಾಲುದ್ದವೂ ಸೇರಿಕೊಳ್ಳುತ್ತದೆ. ಉದ್ದ ಕಡಿಮೆಯಾದರೆ ಬೆರಳು ಮಡಚಿಕೊಂಡು ನಡೆಯಬೇಕು. ಹೆಚ್ಚಾದರೆ ಪಾದದ ಬಟ್ಟೆ ಸೊಟ್ಟಗೆ ತಿರುಗಿ ಕಾಲಿಗೆ ಸಿಕ್ಕುತ್ತದೆ. ಪಾದದ ಗಂಟಿನ ಹತ್ತಿರ ನಿಲ್ಲುವ ಬಗೆಯೇ ವಾಸಿ, ಚಳಿಯಾದರೆ ಕಾಲ್ಚೀಲ ಇದ್ದೇ ಇದೆ.

ಬಗೆಗಳನ್ನು ಎದುರುಬದುರು ಇಟ್ಟು ನೋಡಿದರೆ

ಕಿಗುರುಮಿ ಕಣ್ಣಿಗೆ ಎಲ್ಲಕ್ಕಿಂತ ಚಂದ. ತುಂಬಾ ದೊಗಲೆ, ಹಾಗಾಗಿ ಅಳತೆಯ ತಲೆನೋವು ಕಡಿಮೆ. ಒಳಗೆ ತೆಳು ಟಿ ಶರ್ಟು ಪೈಜಾಮ ಹಾಕಿಕೊಂಡು ಮೇಲೆ ಇದನ್ನು ಏರಿಸಬಹುದು. ಶೌಚಾಲಯದಲ್ಲಿ ಅರ್ಧ ಇಳಿಸಿದರೂ ಮೈ ಬರಿದಾಗುವುದಿಲ್ಲ. ತೊಂದರೆ ಇರುವುದು ಕೆಳಗೆ. ತೊಡೆಸಂದಿ ಮೊಣಕಾಲಿನ ಹತ್ತಿರ ಜೋತುಬಿದ್ದಿರುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಮೆಟ್ಟಿಲು ಹತ್ತಿ ಇಳಿಯುವಾಗ ಎಡವುವ ಭಯ. ಮೆಟ್ಟಿಲಿರುವ ಮನೆಯಲ್ಲಿ ಇದನ್ನು ಹಾಕಿದಾಗ ಕಂಬಿ ಹಿಡಿದೇ ಇಳಿಯಿರಿ. ಬಾಲದಲ್ಲಿ ಹತ್ತಿ ತುಂಬಿದ್ದರೆ ಕೂತಾಗ ಸೊಂಟಕ್ಕೆ ಒತ್ತುತ್ತದೆ. ಟೋಪಿಗೆ ದೊಡ್ಡ ಕೊಂಬು ಇದ್ದರೆ ಅದರ ಭಾರಕ್ಕೆ ಕುತ್ತಿಗೆಪಟ್ಟಿ ಹಿಂದಕ್ಕೆ ಎಳೆಯುತ್ತದೆ. ಚಪ್ಪಟೆ ಬಾಲ, ಚಿಕ್ಕ ಕಿವಿ ಇರುವ ಪ್ರಾಣಿಯನ್ನೇ ಆರಿಸಿ. ಆ ಲೆಕ್ಕದಲ್ಲಿ ಡೈನೋಸಾರಿಗಿಂತ ಪಾಂಡಾ ಮೇಲು.

ಜಿಪ್ ಇರುವ ಫ್ಲೀಸ್ ಒನ್‌ಸೀ ಮೈಗೆ ಹೆಚ್ಚು ಹತ್ತಿರ ಕೂರುತ್ತದೆ, ಓಡಾಡಲು ಸುಲಭ. ಜಿಪ್ಪಿನ ಹಿಂದೆ ಉದ್ದಕ್ಕೂ ಬಟ್ಟೆಯ ಪಟ್ಟಿ, ಗದ್ದದ ಹತ್ತಿರ ಜಿಪ್ ಮುಚ್ಚುವ ಸಣ್ಣ ಮಡಿಕೆ ಇರಲಿ. ಇಲ್ಲದಿದ್ದರೆ ಚರ್ಮಕ್ಕೆ ಕಚ್ಚುತ್ತದೆ.

ಹತ್ತಿ ಹೆಣಿಗೆಯ, ಹಿಂದೆ ಮುಚ್ಚಳ ಇರುವ ಒನ್‌ಸೀ ನೋಡಲು ಅಷ್ಟು ಮಜಾ ಇರುವುದಿಲ್ಲ. ಆದರೆ ಒಂದೇ ಒಂದು ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಬೆವರು ಹೀರುತ್ತದೆ, ಶೌಚಾಲಯಕ್ಕೆ ದಾರಿ ಇದೆ, ಬೇಕಾದರೆ ಮಲಗಲೂಬಹುದು. ವೇಷ ಬೇಕಿದ್ದರೆ ಮುದ್ರಿತ ಚಿತ್ರ ಇರುವುದನ್ನು ಹುಡುಕಿ.

ತೋಳಿರುವ ಹೊದಿಕೆ ಅಂತ ಇನ್ನೊಂದಿದೆ. ಅಂಥದ್ದೇ ಸ್ನಗ್ಗಿ ಅನ್ನುವ ಬ್ರ್ಯಾಂಡ್ 2008ರಲ್ಲಿ ಟಿವಿ ಜಾಹೀರಾತಿನಿಂದ ಮನೆಮಾತಾಯಿತು. ಮುಂದಿನಿಂದ ಹೊದ್ದು ತೋಳು ತೂರಿಸಿಕೊಳ್ಳುವುದು, ಬೆನ್ನು ತೆರೆದೇ ಇರುತ್ತದೆ. ಇದು ಬಟ್ಟೆಯಾ ಹೊದಿಕೆಯಾ ಅನ್ನುವ ಜಗಳ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದವರೆಗೆ ಹೋಗಿತ್ತು. ಬಟ್ಟೆಯಾದರೆ ಆಮದು ಸುಂಕ 14.9 ಶೇಕಡ, ಹೊದಿಕೆಯಾದರೆ 8.5 ಶೇಕಡ. 2017ರಲ್ಲಿ ನ್ಯಾಯಾಲಯ ಹೊದಿಕೆ ಅಂತ ತೀರ್ಪು ಕೊಟ್ಟಿತು. ಬಳಸುವವರ ಮಟ್ಟಿಗೂ ಆ ತೀರ್ಪು ಸರಿಯೇ. ಎದ್ದು ನಡೆದರೆ ಕಾಲಿಗೆ ಸಿಕ್ಕುತ್ತದೆ, ಕೂತಲ್ಲೇ ಇರುವವರಿಗೆ ಮಾತ್ರ ಇದು.

ಅದಕ್ಕಿಂತ ಎಷ್ಟೋ ವಾಸಿ ಹೊದಿಕೆ ಹೂಡಿ. ಹೂಡಿ ಅಂದರೆ ಟೋಪಿ ಇರುವ ಮೇಲಂಗಿ; ತೊಡೆ, ಕೆಲವರಿಗೆ ಮೊಣಕಾಲಿನವರೆಗೆ ಬರುವ ದೊಡ್ಡ ಹೂಡಿ ಇದು. ತಲೆಯ ಮೇಲಿಂದ ಒಂದೇ ಸಲ ಹಾಕಿ ತೆಗೆಯಬಹುದು. ಅಳತೆ ನೋಡಬೇಕಿಲ್ಲ, ಶೌಚಾಲಯದಲ್ಲಿ ಎತ್ತಿ ಹಿಡಿದರೆ ಆಯಿತು. ಕಾಲನ್ನು ಒಳಗೆ ಮಡಚಿಟ್ಟು ಕೂತರೆ ಒನ್‌ಸೀಯಷ್ಟೇ ಬೆಚ್ಚಗೆ. ಯಾರಿಗಾದರೂ ಉಡುಗೊರೆ ಕೊಡಬೇಕಾದರೆ, ಅವರ ಮುಂಡದ ಅಳತೆ ಕೇಳಲು ಆಗುವುದಿಲ್ಲವಲ್ಲ, ಇದನ್ನೇ ಕೊಡಿ.

ಇನ್ನು ಎರಡು ತುಂಡಿನ ಪೈಜಾಮ. ನಿದ್ದೆಗೆ ಇದೇ ಗೆಲ್ಲುತ್ತದೆ, ವಾದವೇ ಬೇಡ. ಅದರಲ್ಲೂ ಪಾಂಡಾ ಚಿತ್ರ ಸಿಗುತ್ತದೆ.

ಬೆಂಕಿ ಮತ್ತು ಒಗೆತ

ಇದನ್ನು ಒತ್ತಿ ಹೇಳುತ್ತೇನೆ. ಯಾವ ಬಗೆಯ ಒನ್‌ಸೀ ಹಾಕಿಕೊಂಡೂ ಉರಿಯುವ ಒಲೆಯ ಮುಂದೆ ನಿಲ್ಲಬೇಡಿ. ಪಾಲಿಯೆಸ್ಟರ್ ಫ್ಲೀಸ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ನವಿರು ಎಬ್ಬಿಸಿದ ಹತ್ತಿ ಫ್ಲಾನಲ್ ಬೇಗ ಹೊತ್ತಿಕೊಂಡು ಹರಡುತ್ತದೆ. ಎರಡರಲ್ಲೂ ದೊಗಲೆ ತೋಳು ಅಪಾಯ. ಅಂಗಿಗೆ ಬೆಂಕಿ ತಗಲಿದರೆ ಕಿತ್ತು ಎಸೆಯಬಹುದು, ಇದನ್ನು ಅಷ್ಟು ಬೇಗ ಕಳಚಲು ಆಗುವುದಿಲ್ಲ. ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಬೆಂಕಿಯ ವಿಷಯದಲ್ಲಿ ಪ್ರತ್ಯೇಕ ಕಠಿಣ ನಿಯಮ ಇದೆ, ದೊಡ್ಡವರ ಉಡುಪಿಗೆ ಅದು ಅನ್ವಯಿಸುವುದಿಲ್ಲ. ಬ್ರಿಟನ್‌ನ 1985ರ ನಿಯಮದ ಪ್ರಕಾರ ದೊಡ್ಡವರ ರಾತ್ರಿ ಉಡುಪಿನ ಮೇಲೂ ಬೆಂಕಿಯ ಬಗ್ಗೆ ಚೀಟಿ ಹೊಲಿದಿರಬೇಕು. ಅಂಥ ಚೀಟಿ ಇದ್ದರೆ ಓದಿ. ಕೊಳ್ಳುವ ಮೊದಲೇ ಓದಿ.

ಒಗೆತದಲ್ಲಿ ಒಂದು ಅನನುಕೂಲ ಇದೆ. ಎದೆಯ ಮೇಲೆ ಒಂದು ಚಮಚ ಸಾರು ಚೆಲ್ಲಿದರೂ ಇಡೀ ಬಟ್ಟೆ ಒಗೆಯಬೇಕು. ಟೋಪಿಯ ಬುಡ, ತೊಡೆಸಂದಿ ದಪ್ಪ ಇರುವುದರಿಂದ ಅಲ್ಲಿ ಬೇಗ ಒಣಗುವುದಿಲ್ಲ. ಜಿಪ್ ಹಾಕಿ, ಒಳಗು ಹೊರಗು ಮಾಡಿ, ತಣ್ಣೀರಿನಲ್ಲಿ ಒಗೆಯಿರಿ. ಫ್ಲೀಸ್ ಪ್ರತಿ ಒಗೆತಕ್ಕೂ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳನ್ನು ನೀರಿಗೆ ಬಿಡುತ್ತದೆ. ಅದಕ್ಕಾದರೂ ಮೇಲಿಂದ ಮೇಲೆ ಒಗೆಯಬೇಡಿ. ಒಳಗೆ ತೆಳು ಬಟ್ಟೆ ಹಾಕಿಕೊಂಡರೆ ಅದನ್ನು ಮಾತ್ರ ದಿನಾ ಒಗೆದರೆ ಸಾಕು.

ವಯಸ್ಸಾದವರಿಗೆ, ಕಾಯಿಲೆ ಇರುವವರಿಗೆ

ಸೊಂಟದ ಇಲಾಸ್ಟಿಕ್ ಸಹಿಸಲಾಗದವರಿಗೆ, ಬಟ್ಟೆ ಅಂಚು ಚರ್ಮಕ್ಕೆ ತಾಗಿದರೆ ಕಿರಿಕಿರಿ ಆಗುವವರಿಗೆ ಒನ್‌ಸೀ ನಿಜವಾದ ನೆಮ್ಮದಿ. ಗಾಲಿಕುರ್ಚಿಯಲ್ಲಿ ಕೂರುವವರಿಗೆ ಅಂಗಿ ಮೇಲೇರಿ ಬೆನ್ನು ಬರಿದಾಗುವ ತೊಂದರೆ ತಪ್ಪುತ್ತದೆ, ಆದರೆ ಶೌಚಾಲಯದ ದಾರಿ ಮೊದಲು ಯೋಚಿಸಬೇಕು. ನಡಿಗೆ ಸ್ಥಿರ ಇಲ್ಲದ ಹಿರಿಯರಿಗೆ ಪಾದ ಮುಚ್ಚುವ ಬಗೆ ಬೇಡವೇ ಬೇಡ. ಅಡಿಯಲ್ಲಿ ರಬ್ಬರ್ ಚುಕ್ಕೆ ಇದ್ದರೂ ಬಟ್ಟೆ ತಿರುಗಿದರೆ ಚುಕ್ಕೆಗಳು ಪಾದದ ಮೇಲೆ ಬಂದಿರುತ್ತವೆ.

ಮರೆಗುಳಿ ಕಾಯಿಲೆ ಇರುವ ಕೆಲವರು ಹೊತ್ತಲ್ಲದ ಹೊತ್ತಲ್ಲಿ ಬಟ್ಟೆ ಕಳಚುತ್ತಾರೆ. ಅವರಿಗಾಗಿ ಬೆನ್ನ ಹಿಂದೆ ಜಿಪ್ ಇರುವ ಒಂದೇ ತುಂಡಿನ ಉಡುಪು ಬರುತ್ತದೆ. ನೋಡಿಕೊಳ್ಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ತಾನಾಗಿ ಬಿಚ್ಚಲಾಗದ ಬಟ್ಟೆ ಹಾಕಿಸುವುದು ಒಬ್ಬರ ಕೈ ಕಟ್ಟಿದಂತೆಯೇ. ಅವರು ಬಟ್ಟೆ ಕಳಚುವುದು ಸೆಕೆಗಾ, ತುರಿಕೆಗಾ, ಶೌಚಾಲಯಕ್ಕೆ ಹೋಗಬೇಕು ಅಂತಲಾ, ಅದನ್ನು ಮೊದಲು ಹುಡುಕಿ. ವೈದ್ಯರ ಜೊತೆ ಮಾತಾಡಿ. ಆಮೇಲೆ ಈ ಉಡುಪಿನ ಯೋಚನೆ.

ಮನೆಗೆ ಬಂದ ಮೇಲೆ

ಚೀಟಿ ಕೀಳುವ ಮೊದಲು ಹಾಕಿ ನೋಡಿ, ಒಳಬಟ್ಟೆ ಇರಲಿ. ಎರಡೂ ಕೈ ಪೂರ್ತಿ ಮೇಲೆತ್ತಿ. ತಗ್ಗಾದ ಕುರ್ಚಿಯಲ್ಲಿ ಕೂತು ಕಾಲಿನ ಬೆರಳು ಮುಟ್ಟಿ. ಕುಕ್ಕರುಗಾಲಿನಲ್ಲಿ ಕೂರಿ. ಎಲ್ಲೂ ಎಳೆಯಬಾರದು. ಶೌಚಾಲಯದ ಬಾಗಿಲು ಹಾಕಿಕೊಂಡು ಬಿಚ್ಚುವುದರಿಂದ ಹಿಡಿದು ಮತ್ತೆ ಹಾಕುವವರೆಗೆ ಒಮ್ಮೆ ಮಾಡಿ ನೋಡಿ. ಆಮೇಲೆ ಅರ್ಧ ಗಂಟೆ ಸೋಫಾ ಮೇಲೆ ಕೂರಿ. ಕುತ್ತಿಗೆಯ ಹಿಂಬದಿ, ಬೆನ್ನಿನ ನಡುವೆ ಕೈಯಾಡಿಸಿ. ತೇವ ಸಿಕ್ಕಿದರೆ ಆ ಬಟ್ಟೆ ನಿಮ್ಮ ಮನೆಗೆ ದಪ್ಪ ಆಯಿತು. ತೆಳುವಾದದ್ದಕ್ಕೆ ಬದಲಾಯಿಸಿಕೊಳ್ಳಿ.